ರೋಗಿಯ ಚೀಟಿಯಲ್ಲಿ ಇಲ್ಲದ ಹೆಸರು

ಲಕ್ವ ಹೊಡೆದು ಆಸ್ಪತ್ರೆ ಸೇರಿದವರನ್ನು ಮನೆಗೆ ಕಳಿಸುವ ದಿನ ಕೈಗೊಂದು ಡಿಸ್ಚಾರ್ಜ್ ಹಾಳೆ ಕೊಡುತ್ತಾರೆ. ರೋಗಿಯ ಹೆಸರು, ವಯಸ್ಸು, ಬಿ.ಪಿ., ಶುಗರ್, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಬರೆದ ಮಾತ್ರೆಗಳು, ಮತ್ತೆ ಬಂದು ತೋರಿಸಬೇಕಾದ ತಾರೀಖು, ಎಲ್ಲವೂ ಅದರಲ್ಲಿರುತ್ತವೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವವರು ಯಾರು, ಗಂಜಿ ಗಂಟಲಿಗೆ ಸಿಕ್ಕದಂತೆ ಕುಡಿಸುವವರು ಯಾರು, ನಡುರಾತ್ರಿ ಹಾಸಿಗೆ ಒದ್ದೆಯಾದಾಗ ಎದ್ದು ಬಟ್ಟೆ ಬದಲಿಸುವವರು ಯಾರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಸೊಸೆ ಅಥವಾ ಮಗಳು. ಕೆಲವೆಡೆ ಗಂಡ, ಮಗ. ಸಂಬಳವಿಲ್ಲ, ರಜೆಯಿಲ್ಲ, ಕೆಲಸ ಯಾವಾಗ ಮುಗಿಯುತ್ತದೆ ಎಂಬ ಅಂದಾಜೂ ಇಲ್ಲ. ಇಂಥವರಿಗೆ ನಮ್ಮ ರಾಜ್ಯದಲ್ಲಿ ಯಾವ ಆಸರೆಯೂ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಆಸರೆ ಇದೆ, ಆದರೆ ಅದೆಲ್ಲ ರೋಗಿಯ ಹೆಸರಿನಲ್ಲಿದೆ, ನಾಲ್ಕಾರು ಇಲಾಖೆಗಳಲ್ಲಿ ಚದುರಿದೆ, ಮತ್ತು ಕೇಳಿದವರಿಗಷ್ಟೇ ಸಿಗುತ್ತದೆ. ಆದ್ದರಿಂದ ಮನೆಯಲ್ಲಿ ಆರೈಕೆಯ ಭಾರ ಹೊತ್ತವರು ಕೈ ಸೋಲುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ: ತಮ್ಮ ಹೆಸರನ್ನು ಕಾಗದದ ಮೇಲೆ ತರುವುದು. ಅದನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದಲ್ಲ, ಮನೆಗೆ ಅತಿ ಹತ್ತಿರದ ಕಚೇರಿಯಿಂದ ಶುರುಮಾಡಬೇಕು.

ಕಾಗದಕ್ಕೆ ಇಷ್ಟೊಂದು ಮಹತ್ವ ಏಕೆಂದರೆ, ಕಾನೂನು ಈಗಾಗಲೇ ಆರೈಕೆದಾರರನ್ನು ಗುರುತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸಂಬಳ ಪಡೆದೋ ಪಡೆಯದೆಯೋ ವಿಕಲಚೇತನರನ್ನು ನೋಡಿಕೊಳ್ಳುವ ಯಾರೇ ಆಗಲಿ, ತಂದೆತಾಯಿ ಮತ್ತು ಮನೆಯವರೂ ಸೇರಿ, ಆರೈಕೆದಾರರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯಿಲೆಯವರಿಗೆ ಚಿಕಿತ್ಸೆ ಕೊಡುವುದರ ಜೊತೆಗೆ ಅವರ ಕುಟುಂಬಕ್ಕೆ ಬೆಂಬಲದ ಸೇವೆ ಒದಗಿಸುವುದನ್ನೂ ಸರ್ಕಾರದ ಹೊಣೆಯಾಗಿ ಹೇಳುತ್ತದೆ. ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ನಿಂತು 'ನನಗೂ ಸಲಹೆ ಬೇಕು' ಎನ್ನುವ ಹೆಂಡತಿ ದಯೆ ಬೇಡುತ್ತಿಲ್ಲ. ಕಾನೂನು ಒಪ್ಪಿಕೊಂಡದ್ದನ್ನೇ ಕೇಳುತ್ತಿದ್ದಾಳೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇ 21.4. ಹೀಗೆ ತೊಡಗಿದ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 74 ನಿಮಿಷ. ಮಕ್ಕಳ ಪಾಲನೆಯೂ ಇದರೊಳಗೇ ಸೇರಿದೆ, ನಿಜ. ಆದರೆ ಹಾಸಿಗೆ ಹಿಡಿದವರೊಬ್ಬರಿರುವ ಮನೆಯಲ್ಲಿ 140 ನಿಮಿಷ ಬೆಳಗಿನ ಹತ್ತು ಗಂಟೆಯೊಳಗೇ ಮುಗಿದುಹೋಗಿರುತ್ತದೆ.

'ಹೆತ್ತವರನ್ನು ನೋಡಿಕೊಳ್ಳುವುದು ನಮ್ಮ ಕರ್ತವ್ಯ, ಅದಕ್ಕೆ ಹೊರಗಿನವರ ಸಹಾಯವೇಕೆ' ಎಂಬ ಮಾತು ಇಲ್ಲಿ ಮೊದಲು ಎದುರಾಗುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಷ್ಟೋ ವೃದ್ಧರು ಕೊನೆಯವರೆಗೆ ತಮ್ಮ ಮನೆಯಲ್ಲೇ, ತಮ್ಮವರ ನಡುವೆಯೇ ಉಳಿದಿರುವುದು ಈ ಭಾವನೆಯ ಬಲದಿಂದ. ಆದರೆ ಕರ್ತವ್ಯ ಎಂಬ ಮಾತು ಮನೆಯ ಎಲ್ಲರಿಗೂ ಅನ್ವಯಿಸಿ, ಕೆಲಸ ಮಾತ್ರ ಒಬ್ಬಳ ಪಾಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಪಕ್ಕದ ಗೋವಾದಲ್ಲಿ ಮರೆವಿನ ಕಾಯಿಲೆಯವರಿದ್ದ 81 ಕುಟುಂಬಗಳನ್ನು ತೆಗೆದುಕೊಂಡು ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಗೆ ಹೋಗಿ ಬರುತ್ತಿದ್ದವರು ತಜ್ಞ ವೈದ್ಯರಲ್ಲ, ಅಲ್ಪಕಾಲದ ತರಬೇತಿ ಪಡೆದ ಸ್ಥಳೀಯರು. ಅವರು ಕಾಯಿಲೆ ಎಂಥದ್ದು ಎಂದು ತಿಳಿಸಿಹೇಳಿದರು, ಹಠ, ಬೈಗುಳ, ರಾತ್ರಿಯ ಓಡಾಟಗಳನ್ನು ಹೇಗೆ ನಿಭಾಯಿಸಬೇಕೆಂದು ತೋರಿಸಿದರು, ಸರ್ಕಾರಿ ಯೋಜನೆಗಳ ದಾರಿ ಹೇಳಿದರು, ಮನೆಯವರ ಮಾತಿಗೆ ಕಿವಿಯಾದರು. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮಾನಸಿಕ ಒತ್ತಡ ಗಮನಾರ್ಹವಾಗಿ ಇಳಿಯಿತು. ಮನೆಯವರ ಕರ್ತವ್ಯವನ್ನು ಯಾರೂ ಕಸಿದುಕೊಳ್ಳಲಿಲ್ಲ, ಅದನ್ನು ನಿಭಾಯಿಸುವ ಶಕ್ತಿ ಕೊಟ್ಟರು. ದಣಿದು, ಸಿಟ್ಟಿನಲ್ಲಿ ಒಮ್ಮೆ ಕೈ ಎತ್ತಿ, ಆಮೇಲೆ ಅತ್ತು, ಯಾರಿಗೂ ಹೇಳಲಾಗದೆ ಕೂರುವ ಸ್ಥಿತಿಗಿಂತ, ಮೊದಲೇ ಹೊರಗಿನ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳುವುದು ರೋಗಿಗೂ ಕ್ಷೇಮ.

ಹಳ್ಳಿಯಲ್ಲಿರುವವರು ಮೊದಲು ಹುಡುಕಬೇಕಾದದ್ದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು. ಪಂಚಾಯಿತಿಯಲ್ಲಿ ಎಲ್ಲರೂ ಅವರನ್ನು ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಇವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂ.ಆರ್.ಡಬ್ಲ್ಯೂ., ಇರುತ್ತಾರೆ, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಗೌರವಧನ ಪಡೆಯುವ ಈ ಕಾರ್ಯಕರ್ತರು ಸಾಮಾನ್ಯವಾಗಿ ತಾವೇ ವಿಕಲಚೇತನರು, ಅದೇ ಊರಿನವರು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ, ವೈದ್ಯಕೀಯ ಮಂಡಳಿ ಕೂರುವ ದಿನ, ಶಿಬಿರದ ಸುದ್ದಿ, ಗಾಲಿಕುರ್ಚಿಗೆ ಎಲ್ಲಿ ಹೆಸರು ಕೊಡಬೇಕು, ಇವೆಲ್ಲ ಅವರಿಗೆ ಗೊತ್ತಿರುತ್ತವೆ. ಇಂಥದೊಂದು ಹುದ್ದೆ ಊರಿನಲ್ಲಿದೆ ಎಂಬುದೇ ತಿಳಿಯದೆ ಜಿಲ್ಲಾ ಕೇಂದ್ರಕ್ಕೆ ಅಲೆಯುವ ಕುಟುಂಬಗಳು ಬಹಳ. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಬೇಕು. ಲಕ್ವದಿಂದ ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿದ ಅರವತ್ತರ ಅಪ್ಪನನ್ನು ನಾವು ಕಾಯಿಲೆಯವರು ಎನ್ನುತ್ತೇವೆ, ವಿಕಲಚೇತನರು ಎಂದು ಯೋಚಿಸುವುದಿಲ್ಲ. ಆದರೆ ಚಲನೆಯ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಬರೆದುಕೊಟ್ಟರೆ ಅವರೂ ಕಾರ್ಡಿಗೆ ಅರ್ಹರು. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪಾರ್ಕಿನ್ಸನ್, ಮಾನಸಿಕ ಕಾಯಿಲೆ, ತಲಸ್ಸೇಮಿಯಾ ಎಲ್ಲವೂ ಅದರಲ್ಲಿವೆ. ಮಾಸಾಶನ, ಬಸ್ ಪಾಸು, ತೆರಿಗೆ ವಿನಾಯಿತಿ ಮುಂತಾದ ಬಾಗಿಲುಗಳೆಲ್ಲ ತೆರೆಯುವುದು ಆ ಒಂದು ಕಾರ್ಡಿನಿಂದ. ಆದ್ದರಿಂದ ಮಿಕ್ಕ ಓಡಾಟಗಳನ್ನೆಲ್ಲ ಬದಿಗಿಟ್ಟು ಮೊದಲು ಇದನ್ನೇ ಹಿಡಿಯಬೇಕು.

ಹಣದ ವಿಷಯ. 2024-25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಣೆಯಾಯಿತು. ಅರ್ಜಿಯ ವಿಚಾರವನ್ನು ವಿ.ಆರ್.ಡಬ್ಲ್ಯೂ. ಬಳಿಯೋ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲೋ ಕೇಳಬೇಕು. ರೋಗಿಯ ಮಾಸಾಶನಕ್ಕೆ ಹೋಗಬೇಕಾದದ್ದು ನಾಡಕಚೇರಿಗೆ. ಅಂಗವಿಕಲ ವೇತನ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಎರಡಕ್ಕೂ ಅದೇ ಜಾಗ, ಆದಾಯದ ಮಿತಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ, ಅವಲಂಬಿತ ವಿಕಲಚೇತನರ ಆರೈಕೆಗಾಗಿ 75,000 ರೂಪಾಯಿ, ವೈಕಲ್ಯ ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಬಿಲ್ಲು ತೋರಿಸಬೇಕಿಲ್ಲ, ವೈಕಲ್ಯದ ಪ್ರಮಾಣಪತ್ರ ಇದ್ದರಾಯಿತು. ಸಾವಿರ ರೂಪಾಯಿಗೆ ಡಯಾಪರ್ ಕೂಡ ತಿಂಗಳಿಗೆ ಸಾಲುವುದಿಲ್ಲ, ಅದಕ್ಕಾಗಿ ಕಚೇರಿ ಅಲೆಯಬೇಕೇ ಎಂದು ಕೇಳುವವರಿದ್ದಾರೆ. ಅವರ ಲೆಕ್ಕ ಸರಿಯೇ. ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂಬ ಯೋಜನೆ ವರ್ಷಗಳಿಂದ ಇದೆ, ಅದರ ಮೊತ್ತವೂ 600 ರೂಪಾಯಿ. ಯಾವ ಸರ್ಕಾರವೂ ಆರೈಕೆಯ ಬೆಲೆ ಕಟ್ಟುವಷ್ಟು ಕೊಡುತ್ತಿಲ್ಲ. ಆದರೂ ಅರ್ಜಿ ಹಾಕಲೇಬೇಕು ಎನ್ನುತ್ತೇನೆ, ಎರಡು ಕಾರಣಕ್ಕೆ. ಸರ್ಕಾರದ ಕಡತದಲ್ಲಿ ಇಂದು ಆರೈಕೆದಾರರು ಎಂಬ ಹೆಸರಿನಲ್ಲಿ ಒಬ್ಬ ಮನುಷ್ಯ ಕಾಣುವುದೇ ಆ ಅರ್ಜಿಯಿಂದ; ಎಷ್ಟು ಮಂದಿ ಇದ್ದಾರೆ ಎಂಬ ಎಣಿಕೆ ಇಲ್ಲದೆ ಮೊತ್ತ ಹೆಚ್ಚುವುದಿಲ್ಲ, ನಾಲ್ಕು ಕಾಯಿಲೆಗಳ ಪಟ್ಟಿ ಉದ್ದವಾಗುವುದೂ ಇಲ್ಲ. ಎರಡನೆಯದಾಗಿ, ಸ್ವಂತ ಆದಾಯವಿಲ್ಲದ ಸೊಸೆಯೊಬ್ಬಳ ಖಾತೆಗೆ ಅವಳ ದುಡಿಮೆಗೆಂದೇ ಬರುವ ಸಾವಿರ ರೂಪಾಯಿಗೆ ಮನೆಯೊಳಗೆ ಇರುವ ತೂಕ ಬೇರೆ.

ಮಾನಸಿಕ ಕಾಯಿಲೆಯವರಿರುವ ಮನೆಗಳಲ್ಲಿ ಭಾರದ ಜೊತೆಗೆ ಗುಟ್ಟೂ ಇರುತ್ತದೆ. ನೆಂಟರಿಗೆ ತಿಳಿಯಬಾರದು, ತಂಗಿಯ ಮದುವೆಗೆ ಅಡ್ಡಿಯಾದೀತು ಎಂಬ ಭಯದಿಂದ ದೂರದ ಊರಿಗೆ ಕರೆದೊಯ್ದು ತೋರಿಸುವುದು, ಹಣ ಮುಗಿದಾಗ ಮಾತ್ರೆ ನಿಲ್ಲಿಸುವುದು, ಮತ್ತೆ ಕಾಯಿಲೆ ಕೆರಳುವುದು. ಹತ್ತಿರದಲ್ಲೇ ಚಿಕಿತ್ಸೆ ಸಾಧ್ಯ ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಈಗ 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಬಳಿ ಅಥವಾ ಆಸ್ಪತ್ರೆಯಲ್ಲೇ ವಿಚಾರಿಸಬೇಕು. ಅಲ್ಲಿ ರೋಗಿಯ ಮಾತು ಮುಗಿದ ಮೇಲೆ ನೋಡಿಕೊಳ್ಳುವವರು ಪ್ರತ್ಯೇಕವಾಗಿ ಐದು ನಿಮಿಷ ಕೇಳಿಕೊಳ್ಳಬೇಕು: ನಿದ್ದೆ ಬರುತ್ತಿಲ್ಲ, ಹಸಿವಿಲ್ಲ, ಸಾಯುವ ಯೋಚನೆ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು. ಆಸ್ಪತ್ರೆಗೆ ಹೋಗಲು ರೋಗಿಯನ್ನು ಬಿಟ್ಟು ಹೊರಡಲಾಗದವರಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದು ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕರೆ ಮಾಡಲು ತಾವೇ ಕಾಯಿಲೆಯವರಾಗಿರಬೇಕಿಲ್ಲ. ಇನ್ನೊಂದು ಕೆಲಸ ಕಾಯಿಲೆ ಹತೋಟಿಯಲ್ಲಿರುವಾಗಲೇ ಮುಗಿಸಿಕೊಳ್ಳುವಂಥದ್ದು. 2017ರ ಕಾಯ್ದೆಯ ಪ್ರಕಾರ, ಚಿಕಿತ್ಸೆಯ ತೀರ್ಮಾನಗಳಲ್ಲಿ ತನ್ನ ಜೊತೆ ನಿಲ್ಲಬೇಕಾದವರು ಯಾರು ಎಂದು ಆ ವ್ಯಕ್ತಿಯೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಸ್ಟಾಂಪ್ ಕಾಗದ ಬೇಡ, ನೋಟರಿ ಬೇಡ.

ಮರೆವಿನ ಕಾಯಿಲೆಗೆ ನಮ್ಮ ಭಾಷೆಯಲ್ಲಿರುವ ಒಂದು ಗಾದೆಯೇ ಅಡ್ಡ ನಿಂತಿದೆ. ಅರವತ್ತಕ್ಕೆ ಅರಳು ಮರಳು ಎಂದು ಹೇಳಿ ಮುಗಿಸುವುದರಿಂದ, ಅಮ್ಮ ಊಟ ಮಾಡಿದ್ದನ್ನು ಮರೆತು ಮತ್ತೆ ಕೇಳಿದಾಗ, ಸೊಸೆ ಒಡವೆ ಕದ್ದಳೆಂದು ನೆರೆಯವರಿಗೆ ದೂರಿದಾಗ, ಅದು ವಯಸ್ಸಿನ ಸ್ವಭಾವ ಎಂದೋ ಮನೆಯ ಜಗಳ ಎಂದೋ ಆಗಿಬಿಡುತ್ತದೆ. ಕದ್ದಳೆಂಬ ಆಪಾದನೆ ಆ ಕಾಯಿಲೆಯ ಒಂದು ಲಕ್ಷಣ ಎಂದು ಯಾರಾದರೂ ಹೇಳಿದ್ದರೆ ಎಷ್ಟೋ ಮನೆಗಳು ಒಡೆಯುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಜಯನಗರ ಜನರಲ್ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಗಳಲ್ಲಿ ನಡೆದು, ಆಮೇಲೆ ಬೇರೆ ಜಿಲ್ಲೆಗಳಿಗೂ ಹೋಯಿತು. ಜಿಲ್ಲಾಸ್ಪತ್ರೆಯಲ್ಲಿ 'ಬ್ರೈನ್ ಹೆಲ್ತ್ ಕ್ಲಿನಿಕ್' ಯಾವ ದಿನ ಎಂದು ಕೇಳಿದರೆ ಸಾಕು. ಹಿರಿಯರ ವಿಷಯದ ಯಾವುದೇ ಸಲಹೆಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ 14567 ಸಹಾಯವಾಣಿ ಇದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಿಂದ ನಡೆಸಿಕೊಂಡು ಬಂದ 1090 ಇದೆ. ಹೊರದೇಶದಲ್ಲಿದ್ದು ಊರಲ್ಲಿ ಅಕ್ಕನೊಬ್ಬಳಿಗೇ ಅಪ್ಪ ಅಮ್ಮನನ್ನು ಒಪ್ಪಿಸಿರುವ ಮಕ್ಕಳು ಈ ವಿಚಾರಣೆಯ ಕೆಲಸವನ್ನಾದರೂ ತಾವು ವಹಿಸಿಕೊಳ್ಳಬಹುದು. ಇಲ್ಲಿ ಒಂದು ಕೊರತೆಯನ್ನು ಹೇಳದೆ ಇರಲಾಗದು. ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಎಂಬ ಹೆಸರಿಲ್ಲ, ಸಾವಿರ ರೂಪಾಯಿಯ ನಾಲ್ಕು ಕಾಯಿಲೆಗಳಲ್ಲಿಯೂ ಇಲ್ಲ. ಅತಿ ಹೆಚ್ಚು ಕಾವಲು ಬೇಡುವ ಕಾಯಿಲೆಯೊಂದು ಹೀಗೆ ಹೊರಗುಳಿದಿರುವುದು ಅನ್ಯಾಯ.

ಸಲಹೆ, ಹಣ, ಮಾತ್ರೆ ಎಲ್ಲಕ್ಕಿಂತ ಆರೈಕೆದಾರರಿಗೆ ಬೇಕಾದದ್ದು ಕೆಲವು ತಾಸುಗಳ ಬಿಡುವು. ನಮ್ಮಲ್ಲಿ ಅತಿ ಕಡಿಮೆ ಇರುವುದೂ ಅದೇ. ಸಾಧ್ಯವೇ ಇಲ್ಲ ಎನ್ನುವವರು ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲವನ್ನು ನೋಡಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಅಲ್ಲಿನ ಮನೆಮನೆಯಲ್ಲಿ ವೈಕಲ್ಯ ಉಳಿಸಿಹೋಯಿತು. ಇಪ್ಪತ್ತು ದಾಟಿದ ಮಗನನ್ನು ಎತ್ತಿ ಮೀಯಿಸುವ ತಾಯಂದಿರು ಕೂಲಿಗೂ ಹೋಗಲಾಗದೆ ಮನೆಯಲ್ಲೇ ಉಳಿದರು. ಜನರ ಹೋರಾಟ ಮತ್ತು ನ್ಯಾಯಾಲಯದ ಒತ್ತಾಯದಿಂದ ಆ ಎರಡು ಊರುಗಳಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಮಕ್ಕಳು ಹಗಲು ಅಲ್ಲಿರುತ್ತಾರೆ, ಸಂಜೆ ಮನೆಗೆ ಮರಳುತ್ತಾರೆ. ಆ ಹಗಲಿನಲ್ಲೇ ತಾಯಿಗೆ ಒಂದು ದಿನದ ಕೂಲಿ, ಒಂದು ನಿದ್ದೆ, ಒಂದು ನೆಂಟರ ಮನೆ ಎಲ್ಲ ಸಾಧ್ಯವಾಗುತ್ತದೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ರಾಜ್ಯದಲ್ಲಿ 'ಮಾನಸಧಾರ' ಹಗಲು ಕೇಂದ್ರಗಳಿವೆ, ಹಿರಿಯರಿಗೆ ಇಲಾಖೆಯ ಅನುದಾನದ ಹಗಲು ಯೋಗಕ್ಷೇಮ ಕೇಂದ್ರಗಳಿವೆ, ಎರಡೂ ಬಹುಮಟ್ಟಿಗೆ ಜಿಲ್ಲಾ ಕೇಂದ್ರಗಳಲ್ಲಿ. ಕೊನೆಯ ಹಂತದ ಕ್ಯಾನ್ಸರ್ ಇರುವವರಿಗೆ ಬೆಂಗಳೂರಿನ ಕರುಣಾಶ್ರಯ 1995ರಿಂದ ಮನೆಗೆ ಹೋಗಿ ಉಪಶಮನ ಆರೈಕೆ ಕೊಡುತ್ತಿದೆ, 1999ರಿಂದ ತನ್ನಲ್ಲೇ ಇಟ್ಟುಕೊಂಡೂ ನೋಡಿಕೊಳ್ಳುತ್ತಿದೆ, ಒಂದು ರೂಪಾಯಿ ಪಡೆಯದೆ. ಬೇರೆಯವರ ಕೈಗೆ ಒಪ್ಪಿಸಿದರೆ ಸರಿಯಾಗಿ ನೋಡಿಕೊಳ್ಳುತ್ತಾರೆಯೇ ಎಂಬ ಆತಂಕ ಸಹಜ. ಅದಕ್ಕೆ ನಂಬಿಕೆಯಿಡಿ ಎಂಬ ಉಪದೇಶ ಸಾಲದು. ಒಂದು ವಾರ ಜೊತೆಗೆ ಕೂತು ನೋಡಿ, ಊಟದ ಹೊತ್ತು, ಮಾತ್ರೆ, ಕಕ್ಕಸಿನ ರೂಢಿ, ಯಾವ ಮಾತಿಗೆ ರೇಗುತ್ತಾರೆ ಯಾವ ಹಾಡಿಗೆ ಸಮಾಧಾನವಾಗುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಮೊದಲು ಎರಡು ತಾಸು ಮಾತ್ರ ಬಿಟ್ಟು ಬನ್ನಿ.

ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಭಾರ ಹಂಚುವುದು ಕಚೇರಿಗಳಿಗಿಂತ ಕಠಿಣ. ಒಬ್ಬರು ನೋಡಿಕೊಳ್ಳುತ್ತಾರೆ, ಮಿಕ್ಕವರು ಹಬ್ಬಕ್ಕೆ ಬಂದು ಸಲಹೆ ಕೊಟ್ಟು ಹೋಗುತ್ತಾರೆ. 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಸಂರಕ್ಷಣೆಯ ಕಾಯ್ದೆಯನ್ನು ಮಕ್ಕಳು ಕೈಬಿಟ್ಟ ಪಾಲಕರಿಗಷ್ಟೇ ಎಂದು ತಿಳಿದವರು ಹೆಚ್ಚು. ಆದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಒಬ್ಬ ಮಗನ ಮೇಲೆ ಅರ್ಜಿ ಬಂದರೆ, ಹೊಣೆಯಿರುವ ಉಳಿದ ಮಕ್ಕಳನ್ನೂ ಸೇರಿಸಿಕೊಳ್ಳುವಂತೆ ಆತ ಕೇಳಲು ಅದರಲ್ಲಿ ಅವಕಾಶವಿದೆ. ಅಲ್ಲಿಯವರೆಗೆ ಹೋಗುವ ಮೊದಲು ತಿಂಗಳ ಖರ್ಚು, ಯಾರು ಯಾವ ರಾತ್ರಿ ಎಚ್ಚರವಿದ್ದರು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟು ಮನೆಯವರ ಮುಂದಿಡುವುದೇ ಸಾಕಷ್ಟು ಕೆಲಸ ಮಾಡುತ್ತದೆ. ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಕ್ಕಳ ತಂದೆತಾಯಿಯ ಚಿಂತೆ ಬೇರೆ: ನಮ್ಮ ನಂತರ ಯಾರು? ಹದಿನೆಂಟು ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ. ತಂದೆತಾಯಿ ಗಟ್ಟಿಯಾಗಿರುವಾಗಲೇ ಈ ಅರ್ಜಿ ಆಗಬೇಕು, ಬ್ಯಾಂಕಿನಲ್ಲಿ ಸಹಿ ಬೇಕಾದ ದಿನಕ್ಕೆ ಕಾಯಬಾರದು.

ಇದೆಲ್ಲ ಕೇಳುವಷ್ಟು ಹೊತ್ತೇ ಇಲ್ಲ ಎನ್ನುವವರಿಗೆ ಇನ್ನೊಬ್ಬ ಆರೈಕೆದಾರರಿಗಿಂತ ಹತ್ತಿರದ ದಾರಿ ಇಲ್ಲ. ಯಾವ ಡಾಕ್ಟರು ತಾಳ್ಮೆಯಿಂದ ಮಾತಾಡುತ್ತಾರೆ, ಏರ್ ಬೆಡ್ ಬಾಡಿಗೆಗೆ ಎಲ್ಲಿ ಸಿಗುತ್ತದೆ, ಮೂಗಿನ ನಳಿಕೆ ಬದಲಿಸಲು ಯಾವ ನರ್ಸ್ ಮನೆಗೆ ಬರುತ್ತಾರೆ ಎಂಬುದನ್ನು ಅದೇ ಊರಿನ, ಅದೇ ಕಾಯಿಲೆಯ ಮನೆಯವರು ಹೇಳುವಷ್ಟು ನಿಖರವಾಗಿ ಯಾರೂ ಹೇಳಲಾರರು. ವಿ.ಆರ್.ಡಬ್ಲ್ಯೂ. ಬಳಿ ಮೊದಲ ದಿನವೇ ಇಂಥ ಇನ್ನೊಂದು ಮನೆ ಯಾವುದು ಎಂದು ಕೇಳಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೂ ಹಾಗೆಯೇ: ಮಗ್ಗುಲು ಬದಲಿಸುವುದು, ಮಂಚದಿಂದ ಕುರ್ಚಿಗೆ ತರುವುದು, ಹಾಸಿಗೆ ಹುಣ್ಣಿನ ಮೊದಲ ಕೆಂಪು ಗುರುತಿಸುವುದು, ಇವನ್ನು ವಾರ್ಡಿನ ನರ್ಸ್ ಎದುರು ಒಮ್ಮೆ ತಾವೇ ಮಾಡಿ ತೋರಿಸದೆ ಹೊರಡಬಾರದು. ಸೊಂಟ ಹಿಡಿದು ಆರೈಕೆದಾರರೇ ಮಲಗಿಬಿಡುವುದು ಹೆಚ್ಚಾಗಿ ಎತ್ತುವ ರೀತಿ ತಿಳಿಯದೆ. ಇಂಥ ಐದಾರು ಮನೆಯವರು ಒಟ್ಟಾದರೆ ಪಂಚಾಯಿತಿಯ ಮುಂದೆ ಹೋಗುವ ಬಲ ಬರುತ್ತದೆ. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಅದು ಪ್ರತಿವರ್ಷ ಎಲ್ಲಿ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬಹುದು. ಒಂದು ವರ್ಷ ಅದನ್ನು ವಾರಕ್ಕೆರಡು ಹಗಲು ತೆರೆಯುವ ಒಂದು ಕೋಣೆಗೆ, ಅಲ್ಲಿ ಕೂರುವ ಒಬ್ಬ ತರಬೇತಾದ ಹೆಂಗಸಿನ ಗೌರವಧನಕ್ಕೆ ಕೊಡಿ ಎನ್ನಬಹುದು. ಬೇಡಿಕೆಯನ್ನು ಬಾಯಲ್ಲಿ ಹೇಳಿ ಕೂತುಬಿಡದೆ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕೇಳಿದವರ ಹೆಸರನ್ನೂ ಸೇರಿಸಿ, ನಕಲು ಪಡೆದು ಬರಬೇಕು.